‘ಇದೆ’ಯನ್ನು ‘ಐತೆ’ ಎಂದು ಓದಿದರೆ

ಪುಟ್ಟ ಮಕ್ಕಳಿಗೆ ಓದು ಕಲಿಸುವ ಬಗೆಯನ್ನು ಭಾವಿ ಶಿಕ್ಷಕರಿಗೆ ಹೇಳಿಕೊಡಲು ಪ್ರಾಧ್ಯಾಪಕರೊಬ್ಬರು ಬೇಕಾಗಿದ್ದರು. ದಾವಣಗೆರೆಯಲ್ಲಿ ನಡೆದ ಆ ಸಂದರ್ಶನದ ಸಮಿತಿಯಲ್ಲಿ ನಾನೂ ಕೂತಿದ್ದೆ. ಕಾನ್ವೆಂಟಿನ ಸಿಸ್ಟರುಗಳು ತಿದ್ದಿ ತೀಡಿದ ನಾಲಿಗೆ ನನ್ನದು. ತಪ್ಪು ಮಾತನ್ನು ಸಹಿಸುವವಳಲ್ಲ.

ಹರಿಹರದ ಕಡೆಯ ಸಾರಥಿ ಎಂಬ ಹಳ್ಳಿಯಿಂದ ಬಂದಿದ್ದ ಯುವತಿಯನ್ನು ಕೇಳಿದೆ: “ಪುಸ್ತಕದಲ್ಲಿ ‘ಬಾಗಿಲಲ್ಲಿ ನಾಯಿ ಇದೆ’ ಎಂದಿದೆ. ಮಗು ‘ನಾಯಿ ಐತೆ’ ಎಂದು ಓದುತ್ತದೆ. ಏನು ಮಾಡುತ್ತೀರಿ?”

“ಮುಂದಕ್ಕೆ ಓದು ಅಂತೀನ್ರಿ ಮೇಡಂ.”

“ತಿದ್ದುವುದಿಲ್ಲವೇ?”

“ಅಲ್ಲಿ ಐತೆ ಅಂತ ಬರೆದೇ ಇಲ್ಲಲ್ರಿ. ಅರ್ಥ ಆಗಿದ್ದಕ್ಕೇ ಮಗು ತನ್ನ ಮಾತಲ್ಲಿ ಹೇಳ್ತು. ಅಲ್ಲೇ ತಿದ್ದಿದ್ರೆ ಮುಂದಿನ ಸಾಲಿಗೆ ಬಾಯೇ ಬಿಡಲ್ಲ.”

ಅಧ್ಯಕ್ಷರು ನನ್ನತ್ತ ಬಾಗಿ ಪಿಸುಗುಟ್ಟಿದರು: “ಇವರ ಭಾಷೇನೇ ಹಿಂಗೈತಲ್ರಿ, ಇನ್ನೊಬ್ರಿಗೇನು ಕಲಿಸ್ತಾರೆ?”

ನಾನು ಪೂರ್ತಿ ಅಂಕ ಬರೆದು ಹಾಳೆಯನ್ನು ಅವರ ಮುಂದೆ ಸರಿಸಿದೆ. ಯುವತಿ ಹೊರಡಲು ಎದ್ದಾಗ ಹೇಳಿದೆ: “ತರಗತಿಯಲ್ಲಿ ನೀವು ಮಾತ್ರ ‘ಇದೆ’ ಎನ್ನಬೇಕು.”

“ತಿದ್ದಬಾರದು ಅಂದಿದ್ದಕ್ಕೇ ಅಲ್ವೇ ಮೇಡಂ, ನೀವು ತಲೆದೂಗಿದ್ದು?” ಅಧ್ಯಕ್ಷರು ಕಾಲೆಳೆದರು.

“ಅದು ಮಕ್ಕಳಿಗೆ. ಇವರು ಪ್ರಾಧ್ಯಾಪಕಿ.”

ಯುವತಿ ಬಾಗಿಲಲ್ಲೇ ನಿಂತುಬಿಟ್ಟಳು. ಫಲಿತಾಂಶವನ್ನು ಅಭ್ಯರ್ಥಿಯ ಎದುರು ಆಡಬಾರದೆಂಬ ನಿಯಮವನ್ನು ಆ ದಿನ ಬೆಳಿಗ್ಗೆ ಎಲ್ಲರಿಗೂ ಓದಿ ಹೇಳಿದ್ದವಳು ನಾನೇ.