ಅತ್ಯಾ ಊರು ತೋರಿಸಿದ ದಿನ

ಹಾಲೆಂಡಿನ ಆಮರ್ಸ್‌ಫೋರ್ಟಿನ ಶನಿವಾರದ ಸಂತೆಯಲ್ಲಿ ಹಕ್ಕಿಗಳಿಗೆ ಹಾಕುವ ಕಾಳು ಮಾರುವವನೊಬ್ಬ ಕೂರುತ್ತಾನೆ. ಹೋದ ತಿಂಗಳು ಅವನ ಮುಂದೆ ಹಾಯುವಾಗ ಒಂದು ಚೀಲದ ತುಂಬ ಗುರೆಳ್ಳು, ಅಂದರೆ ಹುಚ್ಚೆಳ್ಳು, ಕಂಡಿತು. ಒಂದು ಚಿಟಿಕೆ ತೆಗೆದು ಅಂಗೈಯಲ್ಲಿ ತಿಕ್ಕಿ ಮೂಸಿದೆ. ಎಣ್ಣೆಯ ಜಿಡ್ಡಿನ, ತುಸು ಕಹಿಯಾದ ಆ ವಾಸನೆಯ ಬೆನ್ನಿಗೇ ಹೇಗ್ ಪಟ್ಟಣದ ಪಕ್ಕದ ವೂರ್‌ಬರ್ಗಿನ ಮೂರನೇ ಮಹಡಿಯ ಅಡುಗೆಮನೆ ಎದ್ದು ಬಂತು. ಅತ್ಯಾ ಅಲ್ಲಿ ಉಲ್ಲನ್ ಸ್ವೆಟರಿನ ತೋಳು ಮೇಲಕ್ಕೇರಿಸಿಕೊಂಡು ಗುರೆಳ್ಳು ಹುರಿಯುತ್ತಿದ್ದಳು. ಅಲ್ಲಿಯ ಸಂತೆಯಲ್ಲಿ ಹಕ್ಕಿಕಾಳಿನವನೊಬ್ಬನ ಹತ್ತಿರ ಅದನ್ನು ಮೊದಲು ಪತ್ತೆಹಚ್ಚಿದವಳೂ ಅವಳೇ. ಹಕ್ಕಿ ತಿನ್ನುವುದನ್ನು ನಾವು ತಿನ್ನಬಹುದೇ ಎಂದು ಅವ್ವ ಅನುಮಾನಿಸಿದಾಗ, "ತಿಂದ್ರ ಏನಾಗ್ತದ? ಭಾಳ ಅಂದ್ರ ಹಾಡು ಬರ್ತದ" ಎಂದು ಒಂದು ಡಬ್ಬಿ ಚಟ್ನಿಪುಡಿ ಕಟ್ಟಿಕೊಟ್ಟಿದ್ದಳು.

ಅತ್ಯಾ ಅಂದರೆ ನನ್ನ ಅಪ್ಪನ ಅಕ್ಕ. ಧಾರವಾಡದಲ್ಲಿ ಹುಟ್ಟಿ, ಎಂಜಿನಿಯರಾಗಿದ್ದ ಮಾಮಾನ ಕೈ ಹಿಡಿದು ಹಾಲೆಂಡಿಗೆ ಬಂದು, ನಾನು ಕಣ್ಣು ಬಿಡುವ ಹೊತ್ತಿಗೆ ಆ ಊರಿನ ಟ್ರಾಮುಗಳನ್ನೆಲ್ಲ ತನ್ನವೆಂಬಂತೆ ಏರಿ ಇಳಿಯುತ್ತಿದ್ದವಳು. ಅವರಿಗೆ ಮಕ್ಕಳಿರಲಿಲ್ಲ. ನಮ್ಮ ಮನೆಯಲ್ಲಿ ಯಾರೂ ಆ ಮಾತು ಎತ್ತುತ್ತಿರಲಿಲ್ಲ. ಆದರೆ ಅವರ ಮನೆ ಎಂದೂ ಖಾಲಿ ಇದ್ದದ್ದನ್ನು ನಾನು ನೋಡಲಿಲ್ಲ. ರವಿವಾರ ಬಂತೆಂದರೆ ಹೊಸದಾಗಿ ಕೆಲಸಕ್ಕೆ ಬಂದ ಮೈಸೂರಿನವರು, ಬೆಂಗಳೂರಿನವರು, ಹುಬ್ಬಳ್ಳಿಯವರು ಊಟಕ್ಕೆ ಸೇರುತ್ತಿದ್ದರು. ಬಂದವರ ಒದ್ದೆ ಕೋಟುಗಳನ್ನು ಮಲಗುವ ಕೋಣೆಯ ಮಂಚದ ಮೇಲೆ ಒಟ್ಟುತ್ತಿದ್ದರು. ನಾನು ಆ ರಾಶಿಯೊಳಗೆ ಹೊಕ್ಕು, ಮಳೆ ಮತ್ತು ಉಣ್ಣೆಯ ವಾಸನೆಯಲ್ಲಿ ನಿದ್ದೆ ಹೋಗುತ್ತಿದ್ದೆ.

ನಾವಿದ್ದದ್ದು ದೇಶದ ಇನ್ನೊಂದು ಅಂಚಿನ ಎನ್ಸ್‌ಕೆಡೆಯಲ್ಲಿ. ಅಪ್ಪ ಅಲ್ಲಿ ಸಂಶೋಧಕರಾಗಿದ್ದರು. ನಾನು ಪ್ರಾಥಮಿಕ ಶಾಲೆಯ ಕೊನೆಯ ತರಗತಿಗೆ ಕಾಲಿಡುವ ವರ್ಷ ಅವರ ಕೆಲಸದ ಅವಧಿ ಮುಗಿಯಿತು, ಧಾರವಾಡದ ಕಾಲೇಜೊಂದರಲ್ಲಿ ನೌಕರಿ ಸಿಕ್ಕಿತು. ಮನೆಯಲ್ಲಿ ಪೆಟ್ಟಿಗೆಗಳು ತುಂಬತೊಡಗಿದವು. ಆ ವಸಂತದಲ್ಲಿ ಒಂದು ಮುಂಜಾನೆ ರೈಲು ಹತ್ತಿ ಅತ್ಯಾನ ಮನೆಗೆ ಹೋದೆವು. ಚಹಾ ಮುಗಿಯುತ್ತಲೇ ಅವಳು, "ಸುಮಿಗೆ ಇವತ್ತ ಊರು ತೋರಿಸ್ಕೊಂಡು ಬರ್ತೀವಿ. ನೀವಿಬ್ಬರೂ ಕೂತು ಮಾತಾಡ್ರಿ," ಎಂದು ನನ್ನ ಕೋಟಿನ ಗುಂಡಿ ಹಾಕಿದಳು. ಅವ್ವ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದಳು. ಊರು ನೋಡುವ ಖುಷಿಯಲ್ಲಿ ನಾನು ಅದನ್ನು ಹೆಚ್ಚು ಗಮನಿಸಲಿಲ್ಲ.

ಹೇಗ್ ಪಟ್ಟಣವನ್ನು ಮಾಮಾನಷ್ಟು ಧೈರ್ಯದಿಂದ ಯಾರೂ ತೋರಿಸಿರಲಾರರು. ಗೊತ್ತಿದ್ದದ್ದನ್ನೂ ಗೊತ್ತಿಲ್ಲದ್ದನ್ನೂ ಒಂದೇ ದನಿಯಲ್ಲಿ ಹೇಳುತ್ತಿದ್ದರು. ಪಾರ್ಲಿಮೆಂಟಿನ ಪಕ್ಕದ ಕೊಳದ ದಂಡೆಯಲ್ಲಿ ನಿಲ್ಲಿಸಿ, "ಈ ಬಾತುಕೋಳಿಗೂ ಸರಕಾರದ ಪಗಾರ ಅದ, ನೋಡು. ಅದಕ್ಕ ಅವು ಎಲ್ಲೂ ಹೋಗೂದಿಲ್ಲ," ಎಂದರು. ಕುದುರೆ ಏರಿದ ರಾಜನ ಪ್ರತಿಮೆಯ ಕೆಳಗೆ, ಆ ಕುದುರೆಯ ವಂಶದ್ದೇ ಒಂದು ನಮ್ಮ ಕಿತ್ತೂರಿಗೆ ಬಂದಿತ್ತೆಂದು ಹೇಳಿದರು. ಅತ್ಯಾ ನಗು ತಡೆಯಲು ಸೆರಗಿನ ಬದಲು ಮಫ್ಲರನ್ನು ಬಾಯಿಗೆ ಒತ್ತಿಕೊಂಡಳು. ಹಳೆಯ ಅಂಗಡಿಸಾಲುಗಳಲ್ಲಿ ಅಡ್ಡಾಡಿ, ಕಲ್ಲುಹಾಸಿನ ಮೇಲೆ ಸೈಕಲ್ಲುಗಳಿಗೆ ದಾರಿ ಬಿಡುತ್ತ, ಬಿಸಿಲು ಬಂದಾಗ ನಿಂತು, ಮೋಡ ಕವಿದಾಗ ನಡೆದು, ಕೊನೆಗೆ ಟ್ರಾಮಿನಲ್ಲಿ ಸಮುದ್ರದ ತನಕ ಹೋದೆವು.

ಗಾಳಿ ಉಸಿರು ಕಟ್ಟಿಸುವಷ್ಟು ಬೀಸುತ್ತಿತ್ತು. ಮಾಮಾ ನನಗೆ ಕರಿದ ಆಲೂಗಡ್ಡೆಯ ಫ್ರೀಟ್ ತರಲು ಹೋದರು. ಅತ್ಯಾ ಬೆಂಚಿನ ಮೇಲೆ ಬುತ್ತಿ ಕಟ್ಟಿದ ಬಟ್ಟೆ ಬಿಚ್ಚಿ, ಚಟ್ನಿಪುಡಿ ಮೊಸರು ಸವರಿದ ಚಪಾತಿಯ ಸುರುಳಿ ಕೊಟ್ಟಳು. ನಾನು ತಿಂದು ಮುಗಿಸಿದ ಮೇಲೆ ಸಮುದ್ರವನ್ನೇ ನೋಡುತ್ತ ಕೇಳಿದಳು.

"ಈ ಒಂದು ವರ್ಷ ನಮ್ಮ ಮನ್ಯಾಗ ಇರ್ತೀಯೇನು? ಇಲ್ಲೇ ಸಾಲಿಗೆ ಹಾಕ್ತೀವಿ. ಮಾಮಾ ಎಲ್ಲಾ ಕೇಳಿ ಇಟ್ಟಾರ. ಸಾಲಿ ಮುಗಿದ ಮ್ಯಾಲ ಧಾರವಾಡಕ್ಕ ಬಿಟ್ಟು ಬರ್ತೀವಿ. ಬ್ಯಾಡ ಅನ್ನಿಸಿದ್ರ ಬ್ಯಾಡ ಅನ್ನು. ನನಗ ಏನೂ ಅನಿಸೂದಿಲ್ಲ."

ಏನೂ ಅನಿಸುವುದಿಲ್ಲ ಎಂದವಳ ಕೈ ಆ ಖಾಲಿ ಬಟ್ಟೆಯನ್ನು ಮಡಚುತ್ತಿತ್ತು, ಬಿಚ್ಚುತ್ತಿತ್ತು, ಮತ್ತೆ ಮಡಚುತ್ತಿತ್ತು. ಆ ವಯಸ್ಸಿನಲ್ಲಿ ನನಗೆ ಯಾವುದರ ಬಗ್ಗೆಯೂ ಸಂಶಯವಿರಲಿಲ್ಲ. "ಯಾ," ಎಂದೆ ಡಚ್ಚಿನಲ್ಲಿ.

"ಕನ್ನಡದಾಗ ಹೇಳವಾ. ನಿಮ್ಮವ್ವನ ಮುಂದ ಕನ್ನಡದಾಗೇ ಹೇಳಬೇಕಾಗ್ತದ."

"ಇರ್ತೀನಿ."

ಅವಳು ನನ್ನ ಟೋಪಿಯನ್ನು ಕಿವಿಯ ಮೇಲೆ ಎಳೆದಳು, ಅಷ್ಟೆ. ಮಾಮಾ ಫ್ರೀಟ್ ಹಿಡಿದು ಬಂದವರು ಅವಳ ಮುಖ ನೋಡಿ, ಪೊಟ್ಟಣವನ್ನು ನನ್ನ ಕೈಗಿತ್ತರು. ವಾಪಸು ಬರುವಾಗ ಟ್ರಾಮಿನಲ್ಲಿ ಒಂದು ಕಟ್ಟಡದ ಹೆಸರನ್ನೂ ಅವರು ಹೇಳಲಿಲ್ಲ.

ಸಂಜೆ ಊಟಕ್ಕೆ ಕುಳಿತಾಗ ಅಪ್ಪ ನನ್ನನ್ನು ಕೇಳಿದರು. ನಾನು ಇರ್ತೀನಿ ಎಂದೆ. ಅವ್ವ ನನ್ನ ತಟ್ಟೆಗೆ ಅನ್ನ ಬಡಿಸುತ್ತಿದ್ದವಳು ಸೌಟು ನಿಲ್ಲಿಸದೆ ಪೂರ್ತಿ ಬಡಿಸಿ, ಮೇಲೆ ಸಾರು ಹಾಕಿದಳು. ಆಮೇಲೆ, "ಅಕ್ಕಾ, ಓಡ್ಯಾಡಿ ಬಂದ್ಲಂದ್ರ ಅಕಿಗೆ ಮಲಗೂ ಮುಂದ ಕಾಲಿನ ಮೀನಗಂಡ ನೋಯ್ತಾವ. ಎಣ್ಣಿ ಬೆಚ್ಚಗ ಮಾಡಿ ತಿಕ್ಕಬೇಕ್ರಿ. ತಾನಾಗಿ ಹೇಳೂದಿಲ್ಲ ಅಕಿ. ನೀವೇ ಕೇಳಬೇಕು," ಎಂದಳು. ಅದು ಒಪ್ಪಿಗೆ ಎಂದು ತಿಳಿಯಲು ನನಗೆ ತುಸು ಹೊತ್ತು ಬೇಕಾಯಿತು. ಅತ್ಯಾಗೆ ತಕ್ಷಣ ತಿಳಿಯಿತು. ಉಪ್ಪು ತರುತ್ತೇನೆಂದು ಅಡುಗೆಮನೆಗೆ ಹೋದವಳು ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಅವ್ವನೇ ಎದ್ದು ಒಳಗೆ ಹೋದಳು. ಇಬ್ಬರೂ ಅಲ್ಲಿ ಏನು ಮಾತಾಡಿದರೋ, ಯಾವಾಗ ಕೇಳಿದರೂ ಅವ್ವ ಇಂದಿಗೂ ಹೇಳುವುದಿಲ್ಲ.

ಆ ಒಂದು ವರ್ಷವನ್ನು ನಾನು ಮನಸಾರೆ ಬದುಕಿದೆ. ಮುಂಜಾನೆ ಅತ್ಯಾನ ಬಿಸಿ ಅಂಗೈ ನನ್ನ ಕೆನ್ನೆಗೆ ತಾಗಿ ಎಚ್ಚರವಾಗುತ್ತಿತ್ತು. ಚಳಿಯಲ್ಲಿ ಮಾಮಾ ನನ್ನ ಕೈಗವಸುಗಳನ್ನು ಹೀಟರಿನ ಮೇಲಿಟ್ಟು ಬೆಚ್ಚಗೆ ಮಾಡಿ ಕೊಡುತ್ತಿದ್ದರು. ರವಿವಾರ ಬಂದವರೆಲ್ಲ ನನ್ನನ್ನು ಅವರ ಮಗಳೆಂದೇ ತಿಳಿಯುತ್ತಿದ್ದರು. ನಾವು ಮೂವರೂ ತಿದ್ದುತ್ತಿರಲಿಲ್ಲ. ಅವ್ವನ ನೆನಪಾಗಿ ಅಳು ಬಂದ ಸಂಜೆಗಳೂ ಇದ್ದವು. ಆಗ ಅತ್ಯಾ ಫೋನು ಹಚ್ಚಿಕೊಟ್ಟು, ಬಾಗಿಲು ಮುಂದಕ್ಕೆ ಮಾಡಿ ಹೊರಗೆ ಹೋಗುತ್ತಿದ್ದಳು. ಸಮುದ್ರದ ದಂಡೆಯಲ್ಲಿ ನಾನು ಕೊಟ್ಟ ಉತ್ತರವನ್ನು ಬದಲಿಸಬೇಕೆಂದು ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಅನಿಸಿಲ್ಲ. ಶಾಲೆ ಮುಗಿದ ಬೇಸಿಗೆಯಲ್ಲಿ, ಹೇಳಿದಂತೆಯೇ, ಇಬ್ಬರೂ ಬಂದು ನನ್ನನ್ನು ಧಾರವಾಡದಲ್ಲಿ ಬಿಟ್ಟು ಹೋದರು.

ನಾನು ಕಾಲೇಜಿನಲ್ಲಿದ್ದಾಗ ಅತ್ಯಾ ತೀರಿಹೋದಳು. ಪರೀಕ್ಷೆ, ವೀಸಾ ಎಂದು ನನಗೆ ಬರಲಾಗಲಿಲ್ಲ. ಮಾಮಾ ಮನೆ ಬಿಟ್ಟು ಬೆಳಗಾವಿಯ ತಮ್ಮನ ಹತ್ತಿರ ಬಂದು, ಕೆಲವು ವರ್ಷ ಅಲ್ಲಿಯ ಬೀದಿಗಳ ಕತೆ ಕಟ್ಟುತ್ತ ಇದ್ದು, ಅವರೂ ಹೋದರು. ಕೆಲಸದ ನಿಮಿತ್ತ ಈ ದೇಶಕ್ಕೆ ಮರಳಿದ ಮೇಲೆ ಒಂದು ಮಧ್ಯಾಹ್ನ ವೂರ್‌ಬರ್ಗಿಗೆ ಹೋಗಿ ಆ ಕಟ್ಟಡದ ಮುಂದೆ ನಿಂತೆ. ಮೂರನೇ ಮಹಡಿಯ ಕರೆಗಂಟೆಯ ಪಕ್ಕ ಬೇರೆ ಹೆಸರಿತ್ತು. ಸೈಕಲ್ ದೂಡುತ್ತ ಬಂದ ಒಬ್ಬ ಹೆಂಗಸು, ಯಾರನ್ನಾದರೂ ಹುಡುಕುತ್ತಿದ್ದೀರಾ ಎಂದು ಡಚ್ಚಿನಲ್ಲಿ ಕೇಳಿದಳು. ಇಲ್ಲ, ಇಲ್ಲಿ ನಮ್ಮ ಮನೆಯಿತ್ತು ಎಂದೆ. ಅವಳು ನಾನು ಒಳಗೆ ಬರುವೆನೇನೋ ಎಂದು ಬಾಗಿಲು ಹಿಡಿದುಕೊಂಡು ನಿಂತಳು. ಬೇಡವೆಂದು ಕೈಯಾಡಿಸಿದೆ. ಅವಳು ಒಳಗೆ ಹೋದ ಮೇಲೆ ಬಾಗಿಲು ತಾನಾಗಿಯೇ, ಮೆಲ್ಲಗೆ, ಮುಚ್ಚಿಕೊಂಡಿತು.