ಸಾಲಿನಲ್ಲಿ ಹಿಂದೆ ನಿಲ್ಲುವವರು

ಬೆಳಗ್ಗೆ ಎಂಟು ಗಂಟೆ ಹತ್ತು ನಿಮಿಷ. ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದ ಸಹಾಯಕಿ ಗಾಜಮ್ಮ ಕಿಟಕಿಯ ಬಳಿ ಬ್ಯುರೆಟ್ಟಿನ ಉದ್ದ ಗಾಜಿನ ಕೊಳವೆ ತೊಳೆಯುತ್ತಿದ್ದಳು. ಒದ್ದೆ ಗಾಜಿನ ಮೂಲಕ ನೋಡಿದರೆ ಎದುರಿನ ಕಟ್ಟಡ, ಮರ, ನಿಲ್ಲಿಸಿದ ಸೈಕಲ್ಲುಗಳು ಎಲ್ಲವೂ ಸಪೂರವಾಗಿ ಬಾಗಿ, ನೀರಿನೊಳಗಿನ ಊರೊಂದರಂತೆ ಕಾಣುತ್ತಿದ್ದವು. ಕೆಲಸಕ್ಕೆ ಸೇರಿದಂದಿನಿಂದ ಆಕೆ ದಿನದ ಮೊದಲ ಹೊತ್ತನ್ನು ಆ ಊರಿನಲ್ಲೇ ಕಳೆಯುತ್ತ ಬಂದಿದ್ದಾಳೆ. ಗಾಜಮ್ಮ ಎಂಬುದು ವಿದ್ಯಾರ್ಥಿಗಳಿಟ್ಟ ಹೆಸರು. ಬೀಕರ್ ಒಡೆದವರೆಲ್ಲ ಮೊದಲು ಓಡಿಬರುವುದು ಅವಳ ಬಳಿಗೇ.

ಅಂದು ಮಾತ್ರ ನೀರಿನೂರಿನಲ್ಲೂ ನೆಮ್ಮದಿ ಇರಲಿಲ್ಲ. ಹನ್ನೊಂದಕ್ಕೆ ಮೇಲಿನ ಸಭಾಂಗಣದಲ್ಲಿ ಮೀಸಲಾತಿ ಸುಧಾರಣೆಯ ಸಮಿತಿ ಜನರ ಅಭಿಪ್ರಾಯ ಕೇಳುವುದಿತ್ತು. ತಾಯಿಗೋ ತಂದೆಗೋ ಮೀಸಲಾತಿಯಿಂದ ಕೆಲಸ ಸಿಕ್ಕಿದ್ದರೆ ಮಕ್ಕಳಿಗೆ ಅದು ಬೇಡ ಎಂಬುದು ಪ್ರಸ್ತಾವ. ತನ್ನ ಓಣಿಯಲ್ಲಿ ಮೀಸಲಾತಿಯ ದಾರಿಯಿಂದ ಕೆಲಸ ಹಿಡಿದ ಮೊದಲಿಗಳು ಗಾಜಮ್ಮ. ಓಣಿಯ ಪರವಾಗಿ ಮಾತಾಡಬೇಕಾದವಳೂ ಅವಳೇ. ಈ ವರ್ಷ ಅವಳ ಮಗಳು ವೈದ್ಯಕೀಯ ಸೀಟಿಗೆ ಕಾಯುತ್ತಿದ್ದಳು. ಅಕ್ಕನ ಮಗಳೂ ಕಾಯುತ್ತಿದ್ದಳು. ತಂಗಿ ಓದಲಿ ಎಂದು ಶಾಲೆ ಬಿಟ್ಟು ಇಟ್ಟಿಗೆ ಹೊತ್ತವಳು ಆ ಅಕ್ಕ.

ಹಿಂದಿನ ಸಂಜೆ ಅಕ್ಕ ಬಾಗಿಲಲ್ಲೇ ನಿಂತು ಗದರಿಸಿದ್ದಳು. "ನನ್ನ ಮಗಳ ಮುಖ ನೋಡ್ಕೊಂಡು ನಿನ್ನ ಮಗಳ ಅನ್ನಕ್ಕೆ ಕಲ್ಲು ಹಾಕ್ಬೇಡ ಕಣೇ. ದೊಡ್ಡ ತ್ಯಾಗಮಯಿ ಬಂದ್ಬಿಟ್ಲು!"

ಗಾಜಮ್ಮನ ಮಗಳ ಪ್ರಶ್ನೆ ಬೇರೆಯಿತ್ತು. ಪ್ರೊಫೆಸರು ಇಂದಿಗೂ ಸಹಾಯಕರಲ್ಲಿ ಅಮ್ಮನೊಬ್ಬಳನ್ನೇ ಏಕವಚನದಲ್ಲಿ ಕರೆಯುತ್ತಾರಲ್ಲ, ಸಂಬಳ ಬಂದ ಕೂಡಲೇ ಜಾತಿ ಹೋಯಿತೇ ಎಂದು ಕೇಳಿದ್ದಳು. ಗಾಜಮ್ಮನಿಗೆ ಇಬ್ಬರ ಮಾತೂ ನಿಜವೆನಿಸಿತ್ತು.

ಸಭಾಂಗಣದ ಫ್ಯಾನುಗಳು ನಿದ್ದೆಗಣ್ಣಿನಲ್ಲಿದ್ದಂತೆ ತಿರುಗುತ್ತಿದ್ದವು. ಮೀಸಲಾತಿಯನ್ನೇ ತೆಗೆಯಿರಿ ಎಂದವರು, ಅದರ ಒಂದಕ್ಷರವನ್ನೂ ಮುಟ್ಟಬೇಡಿ ಎಂದವರು, ಎಲ್ಲರ ಧ್ವನಿಗಳೂ ಅವಳಿಗೆ ಬಲು ದೂರದಿಂದ ತೇಲಿಬಂದವು. ಕೊನೆಯ ಬೆಂಚಿನಲ್ಲಿ ಮಗಳೂ ಅಕ್ಕನ ಮಗಳೂ ಹೆಗಲಿಗೆ ಹೆಗಲು ತಾಗಿಸಿ ಕುಳಿತಿದ್ದರು.

ಸರದಿ ಬಂದಾಗ ಅವಳು ತನ್ನ ಮಗಳೂ ಸೀಟಿಗೆ ಕಾಯುತ್ತಿದ್ದಾಳೆಂದು ತಿಳಿಸಿ, ಓಣಿಯ ಬೀದಿ ನಲ್ಲಿಯ ವಿಷಯ ಹೇಳಿದಳು. ಮನೆಯೊಳಗೆ ನಲ್ಲಿ ಹಾಕಿಸಿಕೊಂಡವರನ್ನು ಅಲ್ಲಿಂದ ಯಾರೂ ಓಡಿಸುವುದಿಲ್ಲ. ಮನೆಯ ನಲ್ಲಿ ಯಾವಾಗ ಕೈಕೊಡುತ್ತದೋ ಹೇಳಲಾಗದು. ಆದರೆ ನಲ್ಲಿಯೇ ಇಲ್ಲದ ಮನೆಯವರ ಕೊಡ ತುಂಬಿದ ಮೇಲಷ್ಟೇ ನಲ್ಲಿ ಇದ್ದವರ ಕೊಡ. ಮೀಸಲು ಸೀಟುಗಳನ್ನೂ ಹಾಗೆಯೇ, ಇನ್ನೂ ಕೆಲಸ ಕಾಣದ ಮನೆಯ ಮಕ್ಕಳಿಗೆ ಮೊದಲ ಸಾಲು, ಕೆಲಸ ಸಿಕ್ಕವರ ಮಕ್ಕಳಿಗೆ ಎರಡನೆಯದು ಎಂದು ಹಂಚಿ, ಯಾರನ್ನೂ ಹೊರಗೆ ಹಾಕಬೇಡಿ ಎಂದಳು.

ಸಮಿತಿಯ ಅಧ್ಯಕ್ಷರು ಕನ್ನಡಕ ತೆಗೆದರು. ಕಳೆದ ವರ್ಷದಂತಾದರೆ ಸೀಟುಗಳು ಮೊದಲ ಸಾಲಿಗೇ ಮುಗಿಯುತ್ತವೆ ಎಂದು ಮೆಲ್ಲಗೆ ತಿಳಿಸಿದರು. "ನಿಮ್ಮ ಮಗಳೂ ಇದಾಳಲ್ಲಮ್ಮ, ಅವಳು ಎಷ್ಟನೇ ಸಾಲು?"

ಅಕ್ಕನ ಮಗಳು ಬೇಡವೆಂಬಂತೆ ತಲೆಯಾಡಿಸಿದಳು. ಮಗಳು ಅಲುಗಾಡಲಿಲ್ಲ, ತಾಯಿಯ ಮುಖವನ್ನೇ ನೋಡುತ್ತಿದ್ದಳು. ಗಾಜಮ್ಮ ಮೈಕಿನತ್ತ ಬಾಗಿದಳು.

"ಎರಡನೇದು."