ಬೋರ್ಡಿನ ಮೇಲೆ ನಂಗ್

ಮೊದಲೇ ಹೇಳಿಬಿಡುತ್ತೇನೆ, ಆ ಶನಿವಾರ ಬಸ್ಸು ಹೊರಡಿಸಿದ್ದು ನಾನು. ಡ್ರೈವರನ ತಪ್ಪಲ್ಲ, ಕಂಡಕ್ಟರನ ತಪ್ಪಲ್ಲ, ಕ್ಲೀನರನದ್ದಂತೂ ಅಲ್ಲವೇ ಅಲ್ಲ. ಹತ್ತನೇ ಕ್ಲಾಸಿನ ಒಬ್ಬ ತಲೆಹರಟೆ, ಗಂಟಲ ತುಂಬ ಕಂಡವರ ದನಿ ತುಂಬಿಕೊಂಡು ತಿರುಗುತ್ತಿದ್ದವ, ತನ್ನ ಇಂಗ್ಲಿಷ್ ಟೀಚರ ಮೇಲೆ ಸೇಡು ತೀರಿಸಿಕೊಳ್ಳಲು ಮಾಡಿದ ಕೆಲಸ ಅದು. ಮಾಡಿದ್ದಕ್ಕೆ ಬಹಳ ವರ್ಷ ನಾಚಿಕೆಯೂ ಆಗಲಿಲ್ಲ. ಅದನ್ನೂ ಮೊದಲೇ ಹೇಳಿಬಿಡುವುದು ಒಳ್ಳೆಯದು.

ನೆನಪಾದದ್ದು ಇವತ್ತು ಬೆಳಿಗ್ಗೆ, ವಾಸನೆಯಿಂದ. ಕುಂದಾಪುರದ ಪಕ್ಕ, ಕಡಲ ಬದಿಯ ಕೋಡಿಯ ನಮ್ಮ ಮನೆಯಲ್ಲಿ ಅಮ್ಮ ಕಾವಲಿಯ ಮೇಲೆ ನಂಗ್ ಹಾಕಿದ್ದಳು. ನಂಗ್ ಅಂದರೆ ಮೀನು. ಮರಳಿಗೊತ್ತಿ ಮಲಗಿ ಮಲಗಿ ನಾಲಗೆಯ ಹಾಗೆ ಚಪ್ಪಟೆಯಾದದ್ದು. ಸಿಪ್ಪೆ ಸುಲಿದು, ಮಸಾಲೆ ಮೆತ್ತಿ, ತೆಂಗಿನೆಣ್ಣೆಯಲ್ಲಿ ಕಾಯಿಸಿದರೆ ಪಕ್ಕದ ಮನೆಯ ಬೆಕ್ಕು ಸಂಸಾರ ಸಮೇತ ಬಂದು ಬಾಗಿಲಲ್ಲಿ ಕೂರುತ್ತದೆ. ಊರಿಗೆಲ್ಲ ಅದು ಮೀನು. ನನಗೆ ಮಾತ್ರ ಅದು ನನ್ನ ಹೆಸರು...

ಆ ಹೆಸರು ಬಂದದ್ದು ಇಂಗ್ಲಿಷ್ ಟೀಚರಿಂದ. ದಿನಾ ವಂಡ್ಸೆಯಿಂದ ಬಸ್ಸಿನಲ್ಲಿ ಕುಂದಾಪುರಕ್ಕೆ ಬರುತ್ತಿದ್ದರು. ಸಪೂರ ಆಳು, ಮೂಗಿನ ತುದಿಗೆ ಜಾರುವ ಕನ್ನಡಕ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಒಂದೊಂದು ಇಂಗ್ಲಿಷ್ ಶಬ್ದವನ್ನೂ ಗಾಜಿನ ಲೋಟ ಇಡುವವರ ಹಾಗೆ ಮೆಲ್ಲಗೆ ಕೆಳಗಿಟ್ಟು, ಒಡೆಯಲಿಲ್ಲವಷ್ಟೇ ಎಂದು ನಮ್ಮ ಮುಖ ನೋಡುತ್ತಿದ್ದರು. ಕನ್ನಡ ಮಾತಾಡಿದರೂ ಪುಸ್ತಕದ ಕನ್ನಡ. ನಮ್ಮ ಬಾಯಿಂದ "ಎಂತ ಟೀಚರೇ" ಅಂತ ಬಂದರೆ ಚಾಕ್ ಹಿಡಿದ ಕೈ ಅಲ್ಲೇ ನಿಲ್ಲುತ್ತಿತ್ತು. "ಏನು, ಟೀಚರ್" ಎಂದು ತಿದ್ದುವ ತನಕ ಪಾಠ ಮುಂದೆ ಹೋಗುತ್ತಿರಲಿಲ್ಲ. ಇಂಥವರು ಸಿಕ್ಕರೆ ಅಣಕಿಸುವವನಿಗೆ ದಿನಾ ಹಬ್ಬ. ಕನ್ನಡಕ ಮೇಲೆ ದೂಡಿ, ಕತ್ತು ಓರೆ ಮಾಡಿ "ವೊಕ್ಯಾಬ್ಯುಲರಿ, ಚಿಲ್ಡ್ರನ್" ಎಂದು ನಾನು ಶುರು ಮಾಡಿದರೆ ಹಿಂದಿನ ಬೆಂಚು ಹೊಟ್ಟೆ ಹಿಡಿದುಕೊಳ್ಳುತ್ತಿತ್ತು.

ಪರೀಕ್ಷೆ ಹತ್ತಿರ ಬಂದಿತ್ತು. ಕಲಿತದ್ದನ್ನೆಲ್ಲ ಮತ್ತೊಮ್ಮೆ ತಿರುವಿ ಹಾಕುವ ದಿನಗಳು. ಟೀಚರ್ ಬೋರ್ಡಿಗೆ ಮುಖ ಮಾಡಿ ಉಪಮೆ, ವ್ಯಂಗ್ಯ, ಪಾತ್ರಗಳ ಬಗೆ ಎಂದು ಒಂದರ ಕೆಳಗೊಂದು ಬರೆಯುತ್ತಿದ್ದರು. ನಾನು ಅವರ ಬೆನ್ನ ಹಿಂದೆ ಎದ್ದುನಿಂತು, ಗಾಳಿಯಲ್ಲಿ ಅವರ ಹಾಗೆಯೇ ಬರೆಯುತ್ತಿದ್ದೆ. ನಗು ಕೇಳಿ ಅವರು ತಿರುಗಿದರು. ನನ್ನ ಕೈ ಇನ್ನೂ ಗಾಳಿಯಲ್ಲೇ ಇತ್ತು. ಬೈಯಲಿಲ್ಲ, ಹೊರಗೂ ಕಳಿಸಲಿಲ್ಲ. ಮತ್ತೆ ಬೋರ್ಡಿಗೆ ತಿರುಗಿ 'ಫ್ಲ್ಯಾಟ್ ಕ್ಯಾರೆಕ್ಟರ್' ಎಂದು ಬರೆದು, ಎದುರಿಗೆ ಉದಾಹರಣೆ ಎಂದು ನನ್ನ ಹೆಸರು ಬರೆದರು. ಪೂರ್ತಿ ಹೆಸರು, ಇನಿಷಿಯಲ್ ಸಮೇತ.

"ಇಂಥ ಪಾತ್ರಕ್ಕೆ ಒಂದೇ ಗುಣ ಇರುತ್ತದೆ. ಕತೆ ಶುರುವಾದಾಗ ಏನು ಮಾಡುತ್ತಿತ್ತೋ ಮುಗಿಯುವಾಗಲೂ ಅದನ್ನೇ ಮಾಡುತ್ತಿರುತ್ತದೆ. ಬರೆದುಕೊಳ್ಳಿ."

ನಲವತ್ತೆರಡು ಮಂದಿ ಬರೆದುಕೊಂಡರು! ಹಿಂದಿನ ಬೆಂಚಿನಿಂದ, ನನ್ನ ಜೊತೆಗೇ ಕೋಡಿಯಿಂದ ಬರುತ್ತಿದ್ದ ಆಪ್ತ ಮಿತ್ರನೇ ಕೂಗಿದ: "ಫ್ಲ್ಯಾಟ್ ಅಂದ್ರೆ ಚಪ್ಪಟೆ ಅಲ್ದಾ ಟೀಚರೇ? ಹಂಗಾರೆ ಇಂವ ನಂಗ್!" ಯಾರದೋ ತಪ್ಪು ಕನ್ನಡಕ್ಕೆ ಪಾಠ ನಿಲ್ಲಿಸುತ್ತಿದ್ದ ಟೀಚರ್ ಆವತ್ತು ತಿದ್ದಲಿಲ್ಲ. ನಕ್ಕರು. ನಾನು ಕಂಡ ಹಾಗೆ ಅವರು ಕ್ಲಾಸಿನಲ್ಲಿ ನಕ್ಕದ್ದು ಅದೊಂದೇ ಸಲ.

ಸಂಜೆಯೊಳಗೆ ಶಾಲೆಯಿಡೀ ನಾನು ನಂಗ್. ಮರುದಿನ ಬಸ್ ಸ್ಟ್ಯಾಂಡಿನಲ್ಲೂ ನಂಗ್. ಅಮ್ಮ ಮಾರ್ಕೆಟಿನಲ್ಲಿ ಮೀನು ಮಾರುವವಳು, ಅವಳ ಬುಟ್ಟಿಯ ಮುಂದೆ ನಿಂತು ಹುಡುಗರು "ಮಗನಿಗೆಷ್ಟು?" ಎಂದು ಕೇಳತೊಡಗಿದರು. ಅವಳಿಗೆ ಅರ್ಥವಾಗುತ್ತಿರಲಿಲ್ಲ, ನಗುತ್ತಿದ್ದಳು. ಅದನ್ನು ನೋಡಿದ ದಿನ ನಾನು ತೀರ್ಮಾನಿಸಿದೆ. ಊರನ್ನೆಲ್ಲ ಅಣಕಿಸಿದವ ನಾನು, ನನ್ನನ್ನು ಒಬ್ಬರು ಅಣಕಿಸಿದರೆ ತಡೆಯಲಾಗಲಿಲ್ಲ. ನ್ಯಾಯ ಎಲ್ಲಿದೆ ಎಂದು ಆಗ ಹುಡುಕಲಿಲ್ಲ. ಸಂದರ್ಭ ಎಲ್ಲಿದೆ ಎಂದು ಹುಡುಕಿದೆ.

ಸಂದರ್ಭ ಶನಿವಾರವೇ ಬಂತು. ಟೀಚರ್ ಆವತ್ತು ಗಂಜಿ ಹಾಕಿದ ಕಾಟನ್ ಸೀರೆ ಉಟ್ಟು ಬಂದಿದ್ದರು. "ಈ ದಿನ ಮೂರು ಗಂಟೆಗೆ ಬ್ರಹ್ಮಾವರದಲ್ಲಿ ನನಗೂ ಒಂದು ಪರೀಕ್ಷೆ" ಎಂದಿದ್ದರು. ಒಂದು ಶಾಲೆಯ ಕಾಯಂ ಕೆಲಸದ ಸಂದರ್ಶನ ಅದು. ಗೊತ್ತಿರಲಿಲ್ಲ ಎಂದು ನಾನು ಹೇಳಿದರೆ ಅದು ಸುಳ್ಳು.

ಅರ್ಧ ದಿನದ ಶಾಲೆ ಬಿಟ್ಟ ಮೇಲೆ ಸ್ಟ್ಯಾಂಡಿನಲ್ಲಿ ಬ್ರಹ್ಮಾವರ ದಾಟಿ ಹೋಗುವ ಉಡುಪಿ ಬಸ್ಸು ಗುರುಗುಟ್ಟುತ್ತಿತ್ತು. ನಮ್ಮ ಕಡೆ ಸೀಟು ಹಿಡಿಯುವುದೆಂದರೆ ಕಿಟಕಿಯಿಂದ ಸಾಮಾನು ತೂರಿಸುವುದು; ಟವೆಲು, ಕೊಡೆ, ಕೆಲವೊಮ್ಮೆ ಮಗು. ಟೀಚರ್ ತಮ್ಮ ಕಂದು ಬ್ಯಾಗನ್ನು ಕಿಟಕಿಯಿಂದ ಸೀಟಿಗೆ ಇಳಿಬಿಟ್ಟು, ಎದುರಿನ ಅಂಗಡಿಗೆ ಹೋದರು. ಊಟ ಮಾಡಿರಲಿಲ್ಲ ಅಂತ ಕಾಣುತ್ತದೆ. ಮುಂದಿನ ಬಾಗಿಲಲ್ಲಿ ಕಂಡಕ್ಟರ್. ಹಿಂದಿನ ಬಾಗಿಲು ನೋಡಿಕೊಳ್ಳುವ ಕ್ಲೀನರ್, ಬೀಡಿ ಎಳೆಯಲು ಅಂಗಡಿಯ ಮರೆಗೆ ಹೋಗಿದ್ದ. ಅವನ ದನಿ ನನಗೆ ಬಾಯಿಪಾಠ. ಒಡಕು ಡಬ್ಬ ಬಡಿದ ಹಾಗೆ ಶುರುವಾಗಿ ಕೊನೆಗೆ ಹಾಡಾಗುವ ದನಿ. ನಾನು ಬಸ್ಸಿನ ಹಿಂಬದಿಗೆ ಎರಡು ಸಲ ಬಡಿದೆ.

"ರೈ...ಟ್ ರೈಟ್! ಹೋಪಾ...!"

ಬಸ್ಸು ಹೊರಟೇಬಿಟ್ಟಿತು. ಕ್ಲೀನರ್ ಬೀಡಿ ಎಸೆದು ಓಡಿ ಹಾರಿ ಹತ್ತಿದ. ಅವರು ಯಾವಾಗಲೂ ಹತ್ತುವುದು ಹಾಗೆಯೇ, ಯಾರಿಗೂ ಏನೂ ಅನಿಸಲಿಲ್ಲ. ಟೀಚರ್ ಎರಡು ಬಾಳೆಹಣ್ಣು ಹಿಡಿದುಕೊಂಡು ಓಡಿದರು. ಹೆದ್ದಾರಿಯ ತಿರುವಿನ ತನಕ ಓಡಿದರು. ಚಪ್ಪಲಿ ಕಿತ್ತಿತು. ತಿರುಗಿ ಬರುವಾಗ ಅವರ ಕಣ್ಣಿಗೆ ಬಿದ್ದದ್ದು ನಾನು, ಬಡಿದ ಕೈ ಇನ್ನೂ ಗಾಳಿಯಲ್ಲೇ ಇತ್ತು. ಆ ಕೈಗೆ ಅದೊಂದು ಕೆಟ್ಟ ಅಭ್ಯಾಸ...

ನನಗೆ ಖುಷಿಯಾಯಿತು. ಮನೆಗೆ ಹೋಗಿ ಎರಡು ಸಲ ಅನ್ನ ಹಾಕಿಸಿಕೊಂಡೆ.

ಸೋಮವಾರ ಟೀಚರ್ ಬೋರ್ಡಿನ ಮೇಲೆ 'ಪಾಯಿಂಟ್ ಆಫ್ ವ್ಯೂ' ಎಂದು ಬರೆದರು. ಕತೆ ಯಾರ ಕಣ್ಣಿಗೆ ಕಂಡದ್ದು ಎಂದು ಮೊದಲು ಕೇಳಬೇಕು, ಕಣ್ಣು ಬದಲಾದರೆ ಕತೆಯೇ ಬೇರೆ, ಎಂದು ಮೊದಲೇ ಕಲಿಸಿದ್ದನ್ನು ನೆನಪಿಸಿದರು. ಆಮೇಲೆ ಉದಾಹರಣೆ: ಒಬ್ಬ ಹೆಂಗಸಿನ ಬ್ಯಾಗು ಇರುವ ಬಸ್ಸು ಅವಳನ್ನು ಬಿಟ್ಟು ಹೊರಟಿತು. ಮೊದಲ ಬೆಂಚಿನವ ಡ್ರೈವರನಾಗಿ ಹೇಳಿದ. ಒಬ್ಬಳು ಕಿಟಕಿ ಪಕ್ಕದ ಅಜ್ಜಿಯಾಗಿ ಹೇಳಿದಳು. ಒಬ್ಬ ಬ್ಯಾಗೇ ಆಗಿ "ನಾನು ಒಂಟಿಯಾಗಿ ಉಡುಪಿ ನೋಡಿದೆ" ಎಂದ. ಕ್ಲಾಸಿಗೆ ಕ್ಲಾಸೇ ನಗುತ್ತಿತ್ತು. ನಾನೂ. ಟೀಚರ್ ನನ್ನ ಕಡೆ ತಿರುಗಿದರು.

"ನೀನು ಕ್ಲೀನರ್. ಅವನ ದನಿಯಲ್ಲೇ ಹೇಳಬಹುದು."

ಕ್ಲಾಸಿನಲ್ಲಿ, ಟೀಚರ ಅಪ್ಪಣೆಯಲ್ಲೇ, ಅಣಕ! ಕೊಕ್ಕರೆಗೆ ಮೀನು ತೋರಿಸಿ ಸುಮ್ಮನಿರು ಅಂದ ಹಾಗೆ. ನಾನು ಎದ್ದು ಡೆಸ್ಕಿಗೆ ಎರಡು ಬಡಿದು "ರೈ...ಟ್ ರೈಟ್! ಹೋಪಾ...!" ಎಂದೆ. ಇಷ್ಟು ಚೆನ್ನಾಗಿ ಆ ಕ್ಲೀನರನೂ ಕೂಗಿದ್ದಿಲ್ಲ. ಚಪ್ಪಾಳೆ ಬಿತ್ತು. ಆ ಚಪ್ಪಾಳೆಯ ನಡುವೆ ಟೀಚರ ಮುಖ ನೋಡಿದೆ. ಆ ದನಿಯನ್ನು ಅವರು ಗುರುತು ಹಿಡಿಯುತ್ತಿದ್ದರು.

"ಈಗ ಆ ಹೆಂಗಸಿನ ಕಡೆಯಿಂದ ನಾನು ಹೇಳುತ್ತೇನೆ" ಎಂದರು. ದನಿ ಏರಿಸಲಿಲ್ಲ. ಬ್ಯಾಗಿನಲ್ಲಿ ಅವಳ ಮಾರ್ಕ್ಸ್ ಕಾರ್ಡುಗಳ ಅಸಲು ಪ್ರತಿಗಳಿದ್ದವು. ಹಿಂದೆ ಬಂದ ಬಸ್ಸಿನಲ್ಲಿ ಹೋದಳು, ಕಿತ್ತ ಚಪ್ಪಲಿಯಲ್ಲೇ. ಅಸಲು ಇಲ್ಲದೆ ಒಳಗೆ ಬಿಡಲಿಲ್ಲ. ರಾತ್ರಿ ಬ್ಯಾಗು ಸಿಕ್ಕಿತು, ಕೆಲಸ ಬೇರೆಯವರಿಗೆ ಸಿಕ್ಕಿತು. "ಇನ್ನು ಉಳಿದದ್ದು ಒಬ್ಬನ ಕತೆ. ಬಸ್ಸಿನ ಹಿಂದೆ ನಿಂತಿದ್ದ ಒಬ್ಬ ಹುಡುಗನದ್ದು. ಯಾರು ಹೇಳುತ್ತೀರಿ?"

ಆ ಹುಡುಗ ಯಾರೆಂದು ಉಳಿದವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದವನ ಗಂಟಲಲ್ಲಿ ಆವತ್ತು ಯಾರ ದನಿಯೂ ಇರಲಿಲ್ಲ.

ಹೆಡ್‌ಮಾಸ್ಟರರಿಗೆ ಅವರು ದೂರು ಕೊಡಲಿಲ್ಲ. ಇವತ್ತು ಕರೆಸುತ್ತಾರೆ, ನಾಳೆ ಕರೆಸುತ್ತಾರೆ ಎಂದು ಪರೀಕ್ಷೆಯ ತನಕ ಕಾದು ಕಾದು ನಾನು ಇನ್ನಷ್ಟು ಚಪ್ಪಟೆಯಾದೆ. ಪಶ್ಚಾತ್ತಾಪವೋ? ಇಲ್ಲಪ್ಪ. ಮತ್ತೊಮ್ಮೆ ಸೋಲಿಸಿದರಲ್ಲ ಎಂಬ ಸಿಟ್ಟು. ಆ ಬೇಸಿಗೆಯಲ್ಲೇ ಅವರ ಕೆಲಸ ಹೋಯಿತು. ವಂಡ್ಸೆಯ ಮನೆಯ ಜಗಲಿಯಲ್ಲಿ ಟ್ಯೂಷನ್ ಹೇಳುತ್ತಿದ್ದಾರೆ ಎಂದು ಯಾರೋ ಅಂದಾಗ, 'ಆಗ್ಲಿ, ಅಲ್ಲಿ ಯಾರನ್ನು ಬೇಕಾದ್ರೂ ಚಪ್ಪಟೆ ಮಾಡ್ಲಿ' ಅಂದುಕೊಂಡೆ.

ಹೆಸರು ಮಾತ್ರ ನನ್ನ ಬೆನ್ನು ಬಿಡಲಿಲ್ಲ. ಮುಂದೆ ಹೊಟ್ಟೆಪಾಡಿಗೆ ನಾನು ಹಿಡಿದದ್ದು ಮೈಕು. ರಿಕ್ಷಾಕ್ಕೆ ಸ್ಪೀಕರ್ ಕಟ್ಟಿಕೊಂಡು ಸೀರೆ ಮಾರಾಟ, ಹೊನಲು ಬೆಳಕಿನ ಕ್ರಿಕೆಟ್ ಪಂದ್ಯಾಟ ಎಂದು ಬೈಂದೂರಿನಿಂದ ಬ್ರಹ್ಮಾವರದ ತನಕ ಕಂಡವರ ದನಿಯಲ್ಲೆಲ್ಲ ಸಾರುವುದು. ಪಂದ್ಯಾಟದ ಬ್ಯಾನರಿನಲ್ಲೂ 'ವೀಕ್ಷಕ ವಿವರಣೆ: ನಂಗ್' ಅಂತಲೇ ಇರುತ್ತಿತ್ತು. ಶಾಲೆಯಲ್ಲೂ ಅಣಕ, ಈಗಲೂ ಅಣಕ. ಟೀಚರ ಉದಾಹರಣೆಗೆ ಊರಿಡೀ ಸ್ಪೀಕರ್ ಕಟ್ಟಿಕೊಂಡು ನಾನೇ ಸಾಕ್ಷಿ ಹೇಳುತ್ತಿದ್ದೆ.

ಹೀಗಿರುವಾಗ ಒಂದು ಬೆಳಿಗ್ಗೆ ಕುಂದಾಪುರದ ಮೀನು ಮಾರ್ಕೆಟಿನ ಎದುರು ಅವರು ಕಂಡರು. ಅಮ್ಮನ ಬುಟ್ಟಿಯ ಮುಂದೆಯೇ! ಕೂದಲು ಬೆಳ್ಳಗಾಗಿತ್ತು, ಕನ್ನಡಕ ಅದೇ ಜಾಗಕ್ಕೆ ಜಾರಿತ್ತು. ನನ್ನ ಕೈಯಲ್ಲಿ ಮೈಕಿತ್ತು. ಇಷ್ಟು ವರ್ಷ ಕಾದದ್ದು ಇದಕ್ಕೇ ಅನಿಸಿತು. ರಿಕ್ಷಾ ನಿಲ್ಲಿಸಿ, ಅವರದೇ ದನಿಯಲ್ಲಿ, ಮಾರ್ಕೆಟಿಡೀ ಕೇಳುವ ಹಾಗೆ ಬಿಟ್ಟೆ: "ಫ್ಲ್ಯಾಟ್ ಕ್ಯಾರೆಕ್ಟರ್! ಉದಾಹರಣೆ ಕೊಡಿ, ಚಿಲ್ಡ್ರನ್!"

ಜನ ನಕ್ಕರು. ಅಮ್ಮ "ಹ್ವಾಯ್, ಇದೆಂತ ಮಂಗಾಟ ನಿಂದ್?" ಎಂದು ಗದರಿಸಿದಳು. ಟೀಚರ್ ಬೆಚ್ಚಿಬಿದ್ದು, ತಮ್ಮದೇ ದನಿ ಎಲ್ಲಿಂದ ಬಂತೆಂದು ಸುತ್ತ ನೋಡಿದರು. ಆಮೇಲೆ ನನ್ನನ್ನು ನೋಡಿದರು. ನಾನು ಇಳಿದು ಹೋಗಿ ಎದುರು ನಿಂತು, ಅಷ್ಟು ವರ್ಷ ಮನಸ್ಸಿನಲ್ಲೇ ಹೇಳಿಕೊಂಡದ್ದನ್ನೆಲ್ಲ ಸುರಿದೆ. ಬೋರ್ಡಿನ ಮೇಲೆ ನನ್ನ ಹೆಸರು ಬರೆದದ್ದು, ನಕ್ಕದ್ದು, ಇದೇ ಬುಟ್ಟಿಯ ಮುಂದೆ ಹುಡುಗರು ಅಮ್ಮನಿಗೆ ಕೇಳಿದ್ದು. ಬಸ್ಸು ಹೊರಡಿಸಿದ್ದು ಹೌದು, ನಾನೇ. "ನೀವ್ ಮಾಡಿದ್ದಕ್ಕೂ ನಾನ್ ಮಾಡಿದ್ದಕ್ಕೂ ಸಮ ಆಯ್ತಲ್ದಾ ಟೀಚರೇ?" ಎಂದೆ. ಅಮ್ಮ ತೂಕದ ಕಲ್ಲು ಕೈಯಲ್ಲಿ ಹಿಡಿದು ಹಾಗೆಯೇ ಕೂತಿದ್ದಳು.

ಅವರು ಒಂದೇ ಮಾತು ಹೇಳಿದರು. ಮೀನು ತಗೊಂಡು ವಂಡ್ಸೆ ಬಸ್ಸಿಗೆ ಹೋದರು. ನಾನು ಆವತ್ತು ಪಂದ್ಯಾಟ ಸಾರಲಿಲ್ಲ.

ಕಳೆದ ಮಳೆಗಾಲದಲ್ಲಿ ಅವರು ತೀರಿಹೋದರಂತೆ. ನನಗೆ ತಿಳಿಯುವಾಗ ತಿಂಗಳಾಗಿತ್ತು. ಕ್ಷಮಿಸಿ ಎನ್ನಲು ವಂಡ್ಸೆ ಎಷ್ಟು ದೂರ ಇತ್ತು... ಆದರೂ ಹೋಗಲಿಲ್ಲ. ಈಗ ಅವರ ದನಿ ಉಳಿದಿರುವುದು ನನ್ನ ಗಂಟಲೊಂದರಲ್ಲಿ. ಅವರ ಪಾಠ, ಕೆಮ್ಮು, ಕನ್ನಡಕ ದೂಡುವ ಉಸಿರು, ಎಲ್ಲ ಬರುತ್ತದೆ. ಆ ಬೆಳಗಿನ ಒಂದು ಮಾತು ಮಾತ್ರ ಎಷ್ಟು ಸಲ ಯತ್ನಿಸಿದರೂ ಬರುವುದಿಲ್ಲ. ಅದು ಕ್ಲಾಸಿನ ದನಿಯಲ್ಲ, ಮನೆಯ ದನಿ. ನಾನು ಅದನ್ನು ಕೇಳಿದ್ದೇ ಒಮ್ಮೆ. ಅಮ್ಮ ತಟ್ಟೆಗೆ ಹಾಕಿದ ನಂಗನ್ನು ತಿರುಗಿಸಿ ನೋಡಿದೆ, ಅವರು ಆವತ್ತು ಬುಟ್ಟಿಯಿಂದ ಒಂದನ್ನು ಎತ್ತಿ ನನ್ನ ಮುಖದ ಮುಂದೆ ಹಿಡಿದು ತಿರುಗಿಸಿದ ಹಾಗೆಯೇ:

"ಕಾಣ್ ಮಾಣಿ, ನಂಗಿಗೆ ಕಣ್ಣ್ ಎರಡಿತ್ತ್. ಎರಡೂ ಒಂದೇ ಬದಿಗೆ."